ಒದ್ದೆ ಟವೆಲ್

ಟ್ರ್ಯಾಕ್ಟರ್ ಇಳಿದವನೇ ದುರುಗೇಶ ಜಾಲಿಗಿಡದ ಮರೆಗೆ ಸರಿದು, ಬಾಟಲಿಯ ನೀರನ್ನೆಲ್ಲ ಕೊರಳ ಟವೆಲ್ ಮೇಲೆ ಸುರಿದುಕೊಂಡ. ಲಿಂಗಸುಗೂರಿನಿಂದ ಸಿಂಧನೂರಿಗೆ ಸರದಿ ಓಟ. ಮಸ್ಕಿಯಲ್ಲಿ ಮುಂದಿನವನ ಕೊರಳಿಗೆ ಹಾಕುವ ಟವೆಲ್ ಬೆವರಿನಿಂದ ತೊಯ್ದಿರಬೇಕೆಂದು ಎರಡೂ ತಂಡದವರು ನಗುತ್ತ ಮಾಡಿಕೊಂಡ ಕರಾರಿತ್ತು. ಅರ್ಧ ದಾರಿ ಕುಳಿತು ಬಂದವನಿಗೆ ಬೆವರೆಲ್ಲಿಂದ ಬರಬೇಕು?

ಓಡುತ್ತ ಬಂದ ಎದುರಾಳಿ ತಂಡದ ವೀರೇಂದ್ರ ಅವನನ್ನು ಕಂಡು ನಿಂತ. "ನನಗಿಂತ ಮುಂದ ಬಂದೀಯಲ್ಲಲೇ, ಹುಲಿ! ಗಂಟಲು ಒಣಗೇತಿ, ಒಂದ್ ಗುಟುಕು ನೀರು ಕೊಡಪಾ."

"ಮುಗದಾವಲೇ," ಎಂದು ದುರುಗೇಶ ಖಾಲಿ ಬಾಟಲಿ ತೋರಿಸಿದ.

"ಇರಲಿ ಬಿಡು." ವೀರೇಂದ್ರ ಸಲುಗೆಯಿಂದ ಅವನ ಟವೆಲ್ಲನ್ನೇ ಎಳೆದು ಮುಖ ಒರೆಸಿಕೊಂಡ. ಒರೆಸುತ್ತಿದ್ದ ಕೈ ನಿಂತಿತು. "ತಣ್ಣಗೈತಲ್ಲಲೇ, ದುರುಗ್ಯಾ..."

ದುರುಗೇಶ ತಲೆ ಎತ್ತಲಿಲ್ಲ. ವೀರೇಂದ್ರ ಟವೆಲ್ಲಿನ ತುದಿಯನ್ನು ತನ್ನ ಬಾಯಿಗೆ ಹಿಂಡಿಕೊಂಡ.