ಬಾಕಿ ಉಳಿದ ನಗು

ಪರದೆಯ ಮೇಲೆ ಗಂಡನ ಹೆಣಕ್ಕೆ ನಾಲ್ಕು ಜನ ಹೆಗಲು ಕೊಡುವ ಹೊತ್ತಿಗೆ ಸರಿಯಾಗಿ ದೇವಿರಮ್ಮ ಕುರ್ಚಿ ಬಿಟ್ಟು ಎದ್ದಳು. ಪಕ್ಕದಲ್ಲಿ ಗಂಡ ಪುಟ್ಟರಾಜು ಡಾಕ್ಟರು ಬೇಡವೆಂದಿದ್ದ ಬೋಂಡ ತಿನ್ನುತ್ತ ತನ್ನ ಶವಯಾತ್ರೆಯನ್ನು ಬಲು ಶ್ರದ್ಧೆಯಿಂದ ನೋಡುತ್ತಿದ್ದ.

“ಏಳಿ ಮ್ಯಾಕೆ. ಆ ಡೈರೆಕ್ಟ್ರು ಎದ್ದೋಗ್ಬುಟ್ರೆ ಆಮ್ಯಾಕೆ ಯಾರ್ನ ಇಡ್ಕಳದು?”

“ಇರಮ್ಮಿ, ಇನ್ನೂ ನನ್ನ ಮಣ್ಣು ಮಾಡಿಲ್ಲ.”

ಮದ್ದೂರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಭಾರತೀಯ ಚಿತ್ರೋತ್ಸವ ಅದು. ನಮ್ಮ ದೇಶದ ಸಿನಿಮಾ ಬಿಟ್ಟು ಇನ್ನೊಂದನ್ನು ಹಾಕುವುದೇ ಇಲ್ಲವೆಂಬ ಹಟ ಅದನ್ನು ನಡೆಸುವವರದು. ಈ ಸಲ ಬಂಗಾಳಿ, ಮಲಯಾಳಂ ಚಿತ್ರಗಳ ನಡುವೆ, ಬಹಳ ವರ್ಷಗಳ ಹಿಂದೆ ಬೆಸಗರಹಳ್ಳಿಯಲ್ಲಿ ತೆಗೆದಿದ್ದ ಕನ್ನಡ ಸಿನಿಮಾವೊಂದಕ್ಕೂ ಜಾಗ ಸಿಕ್ಕಿತ್ತು. ಅದರಲ್ಲಿ ಹೆಣವಾಗಿ ಮಲಗಿದ್ದವನು ಅದೇ ಊರಿನ ಪುಟ್ಟರಾಜು. ಉಸಿರು ಬಿಗಿಹಿಡಿಯುವುದರಲ್ಲಿ ಅವನಷ್ಟು ಗಟ್ಟಿಗ ಆಗ ಸುತ್ತಮುತ್ತ ಯಾರೂ ಇರಲಿಲ್ಲವಂತೆ.

ಸಿನಿಮಾದವರಲ್ಲಿ ಒಂದು ಪದ್ಧತಿಯುಂಟು. ಹೆಣವಾಗಿ ಮಲಗಿದವನು ಶಾಟ್ ಮುಗಿದ ಮೇಲೆ ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು. ಆಗಲೇ ಸತ್ತ ದೋಷ ಕಳೆಯುವುದು. ಆವತ್ತು ಪುಟ್ಟರಾಜು ಎದ್ದು ಕೂರುವುದಕ್ಕೂ ಮಳೆ ಹುಯ್ಯುವುದಕ್ಕೂ ಸರಿಹೋಯಿತು. ಎಲ್ಲರೂ ಕ್ಯಾಮೆರಾಗೆ ಕೊಡೆ ಹಿಡಿದುಕೊಂಡು ಓಡಿದರು. ಹೆಣವನ್ನು ಕೇಳುವವರು ಯಾರು?

ಅಲ್ಲಿಂದಾಚೆಗೆ ಅವನಿಗೆ ಎತ್ತು ಹಾಯಲಿ, ಕಾಮಾಲೆಯಾಗಲಿ, ಬೈಕಿನಿಂದ ಬಿದ್ದು ಕೈ ಮುರಿಯಲಿ, ದೇವಿರಮ್ಮನದು ಒಂದೇ ಮಾತು: ಆವತ್ತು ನಗಲಿಲ್ಲವಲ್ಲ! ಈಗ ನೋಡಿದರೆ ಸೋಮವಾರ ಮೈಸೂರಿನಲ್ಲಿ ಹಾರ್ಟ್ ಆಪರೇಷನ್. ಗಂಡ ಮೇಜಿನ ಮೇಲೆ ಮಲಗಿ ಹಾಗೇ ಉಳಿದುಬಿಟ್ಟರೆ? ನಗಿಸಿಯೇ ಆಸ್ಪತ್ರೆಗೆ ಸೇರಿಸುವುದೆಂದು ಪಟ್ಟು ಹಿಡಿದು, ಹೊಲದಲ್ಲಿದ್ದವನನ್ನು ಬಸ್ಸು ಹತ್ತಿಸಿಕೊಂಡು ಬಂದಿದ್ದಳು.

ಸಿನಿಮಾ ಮುಗಿಯುತ್ತಲೇ ನಿರ್ದೇಶಕ ಮಹದೇವಸ್ವಾಮಿಯವರನ್ನು ಬಾಗಿಲಲ್ಲೇ ಅಡ್ಡಗಟ್ಟಿ ಎಲ್ಲವನ್ನೂ ಒಪ್ಪಿಸಿದಳು. ವಯಸ್ಸಾದ ಮನುಷ್ಯ, ಬೇಸರವಿಲ್ಲದೆ ಕೇಳಿಸಿಕೊಂಡರು.

“ಈಗ ನಕ್ರೆ ನಡೀತದಾ ಸ್ವಾಮಿ?”

“ಯಾಕಮ್ಮ ನಡೆಯೋದಿಲ್ಲ?” ಎಂದು ಜೇಬಿನಿಂದ ಮೊಬೈಲ್ ತೆಗೆದರು. “ಪುಟ್ಟರಾಜು, ಈ ಕಡೆ ನೋಡಿ. ಹ್ಞಾಂ, ನಗಿ.”

ಪುಟ್ಟರಾಜು ಆಧಾರ್ ಕಾರ್ಡಿನ ಫೋಟೊಗೆ ನಿಂತವನ ಹಾಗೆ ನಿಂತ.

“ನಗಿ ಅಂದ್ರೆ!” ದೇವಿರಮ್ಮ ಪಕ್ಕೆಗೆ ತಿವಿದಳು.

“ಸುಮ್ ಸುಮ್ಕೆ ಎಂಗಮ್ಮಿ ನಗಾದು? ಇದ್ಕಿಂತ ಹೆಣ ಆಗಾದೇ ಸಲೀಸು.”

ಮಹದೇವಸ್ವಾಮಿ ಮೊಬೈಲ್ ಇಳಿಸಿ ಕಾದರು. ಕಾಯುತ್ತ ಕಾಯುತ್ತ ಅವರಿಗೇ ಏನೋ ನೆನಪಾಯಿತು. “ನಿಮ್ಮ ಸುತ್ತ ಕೂತು ಅತ್ತೋರೆಲ್ಲ ಎಂಥೆಂಥಾ ಕಲಾವಿದರು ಪುಟ್ಟರಾಜು! ಎಷ್ಟು ಸಿನಿಮಾದಲ್ಲಿ ಸತ್ತು, ಎಷ್ಟು ಸಲ ಎದ್ದು ಕೂತು ನಕ್ಕೋರೋ. ಒಬ್ಬರಾದ ಮೇಲೆ ಒಬ್ಬರು ಹೋದ್ರು. ಹೆಗಲು ಕೊಟ್ಟೋರೂ ಹೋದ್ರು. ಆ ಸಿನಿಮಾದಲ್ಲಿ ಇವತ್ತಿಗೆ ಬದುಕಿರೋದು ಹೆಣ ಒಂದೇ.”

ದೇವಿರಮ್ಮ ಗಂಡನ ಕಡೆಗೊಮ್ಮೆ, ನಿರ್ದೇಶಕರ ಕಡೆಗೊಮ್ಮೆ ನೋಡಿದಳು.

“ನಕ್ಕಿದ್ದೋರೆಲ್ಲ ಓದ್ರಾ?”

“ಎಲ್ಲರೂ ಹೋದ್ರಮ್ಮ.”

ಅಷ್ಟರಲ್ಲಿ ಪುಟ್ಟರಾಜುವಿಗೆ ನಿಜವಾಗಿಯೂ ನಗು ಬಂದುಬಿಟ್ಟಿತು. ಹೊಟ್ಟೆ ಕುಲುಕಿತು, ತುಟಿ ಬಿರಿಯಿತು. ಮಹದೇವಸ್ವಾಮಿ ಗಡಿಬಿಡಿಯಿಂದ ಮೊಬೈಲ್ ಎತ್ತಿದರು.

“ಬ್ಯಾಡ! ನನ್ನಾಣೆ, ನಗ್ಬ್ಯಾಡಿ!” ಎನ್ನುತ್ತ ದೇವಿರಮ್ಮ ನುಗ್ಗಿ ಬಂದು ಎರಡೂ ಕೈಯಲ್ಲಿ ಗಂಡನ ಬಾಯಿ ಮುಚ್ಚಿ ಹಿಡಿದಳು.