ಎಂಟನೇ ನಂಬರಿನವನ ಹೆಸರು

ರೆಫರಿ ಗುರುತಿನ ಚೀಟಿಯನ್ನು ಒಮ್ಮೆ ನೋಡಿದ, ಪರ್ವೇಜನ ಮುಖವನ್ನು ಎರಡು ಸಲ ನೋಡಿದ.

"ಹೆಸರು?"

"ಮುಸ್ತಾಕ."

ಹೇಳುವಾಗ ಪರ್ವೇಜನ ಕಣ್ಣು ತಾನಾಗಿಯೇ ಮೈದಾನದ ಮೂಲೆಗೆ ಓಡಿತು. ಆ ಹೆಂಗಸು ಇವತ್ತೂ ಬಂದಿದ್ದಳು. ಧ್ವನಿವರ್ಧಕ ಕಟ್ಟಿದ ಕಂಬದ ಕೆಳಗೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ಎದೆಗೆ ಪ್ಲಾಸ್ಟಿಕ್ ಚೀಲ ಅವುಚಿಕೊಂಡು ನಿಂತಿದ್ದಳು. ರೆಫರಿ ಚೀಟಿ ವಾಪಸು ಕೊಟ್ಟ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಪರ್ವೇಜ ಅದನ್ನು ಲಗುಬಗೆಯಿಂದ ಕಾಲುಚೀಲದೊಳಗೆ ಸಿಕ್ಕಿಸಿದ.

ಅವನು ಕಾಲೇಜಿನ ತರಗತಿಯೊಳಗೆ ಒಂದು ದಿನವೂ ಕೂತವನಲ್ಲ. ಕೊರ್ಲಿಮ್‌ನ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ. ಒಂದು ಭಾನುವಾರ ಬಯಲಿನಲ್ಲಿ ಚೆಂಡು ಒದೆಯುತ್ತಿದ್ದಾಗ ಕಾಲೇಜಿನ ಕೋಚ್ ದಿಗಂಬರ ಅವನನ್ನು ಕಂಡ. ಹುಡುಗ ಗೋಲು ಹೊಡೆಯುವವನಲ್ಲ, ಹೊಡೆಸುವವನು. ತಲೆಯೆತ್ತದೆ ಒದ್ದರೂ ಚೆಂಡು ಓಡುತ್ತಿರುವವನ ಕಾಲಿಗೇ ಹೋಗಿ ಬೀಳುತ್ತಿತ್ತು. ವಾರ ಕಳೆದ ಮೇಲೆ ದಿಗಂಬರ ಒಂದು ಚೀಟಿ, ಒಂದು ಜೊತೆ ಬೂಟು ತಂದುಕೊಟ್ಟ.

"ಈ ಹುಡುಗ ಊರಿಗೆ ಹೋದ. ಇನ್ನ ತಿರುಗಿ ಬರೂದಿಲ್ಲ. ನಿನ್ನ ಮಾರಿನೂ ಹಂಗ ಅದ. ಅವನ ಹೆಸರ್ಲೆ ಆಡು."

ಇಂಥ ಆಟ ಆಡಿಸಿದ ಮೊದಲ ಕೋಚ್ ದಿಗಂಬರನೇನಲ್ಲ ಬಿಡಿ. ಚೀಟಿಗೆ ಲೋಬಾನದ ವಾಸನೆ ಇತ್ತು. ಎಡಗಾಲಿನ ಬೂಟಿನ ಲೇಸಿಗೆ ಯಾರೋ ದರ್ಗಾದ ಕಪ್ಪು ದಾರ ಕಟ್ಟಿದ್ದರು. ಬೇರೆಯವರ ಹರಕೆ, ಕತ್ತರಿಸಬಾರದೆಂದು ಪರ್ವೇಜ ಹಾಗೆಯೇ ಬಿಟ್ಟ.

ಎರಡು ವರ್ಷ ಆಡಿದ. ನಡುಮೈದಾನದಿಂದ ಇಡೀ ತಂಡವನ್ನು ಕುಣಿಸಿದ. ಪತ್ರಿಕೆಯಲ್ಲಿ ಫೋಟೋ ಬಂತು, ಕೆಳಗೆ ಮುಸ್ತಾಕ ಎಂದಿತ್ತು. ಅಪ್ಪ ಮಲಂಗಸಾಬ ಕತ್ತರಿ ಹಿಡಿದು ಆ ಹೆಸರನ್ನು ಹುಷಾರಾಗಿ ಕತ್ತರಿಸಿ ತೆಗೆದು, ಫೋಟೋ ಮಾತ್ರ ಗೋಡೆಗೆ ಅಂಟಿಸಿದ.

"ಹೆಸರ ಮಾಡಿದಿ ಮಗನ. ಯಾರದು?" ಎಂದು ನಕ್ಕ. ಪರ್ವೇಜ ನಗಲಿಲ್ಲ.

ಹೋದ ಮಳೆಗಾಲದಲ್ಲಿ ಕಾರ್ಖಾನೆಯ ಬಾಬುಸಾಬ ಆ ಚೀಟಿಯನ್ನು ನೋಡಿಬಿಟ್ಟ.

"ಇಂವಾ ಹುಸೇನಬಿ ಮಗ ಅಲ್ಲೇನೋ? ಮೊಲೆಂ ಘಾಟಿನ್ಯಾಗ ಬೈಕಿನ ಮ್ಯಾಲಿಂದ ಬಿದ್ದು ಸತ್ತಾನಲ್ಲ. ಮಣ್ಣಿಗೆ ನಾನೂ ಹೋಗಿದ್ದೆ."

ಅಂದಿನಿಂದ ಪರ್ವೇಜನಿಗೆ ಬೂಟು ಭಾರವಾಯಿತು. ಮುಂದಿನ ಪಂದ್ಯದಲ್ಲೇ ಕಂಬದ ಕೆಳಗಿನ ಹೆಂಗಸು ಕಣ್ಣಿಗೆ ಬಿದ್ದಳು. ಯಾರೆಂದು ಕೇಳಬೇಕಾಗಿರಲಿಲ್ಲ. ಚೀಟಿಯ ಫೋಟೋದಲ್ಲಿದ್ದ ಕಣ್ಣುಗಳೇ ಆ ಮುಖದಲ್ಲಿದ್ದವು.

ಅವಳು ಆಟ ನೋಡುತ್ತಿರಲಿಲ್ಲ. ಆ ಕಂಬದ ಹತ್ತಿರ ನಿಂತರೆ ತಗಡಿನ ಶೆಡ್ಡು ಅಡ್ಡ ಬಂದು ಅರ್ಧ ಮೈದಾನ ಕಾಣುವುದೇ ಇಲ್ಲ. ಗೋಲಾದರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. "ನಂಬರ್ ಎಂಟು, ಮುಸ್ತಾಕ!" ಎಂದು ಧ್ವನಿವರ್ಧಕ ಕೂಗಿದಾಗ ಮಾತ್ರ ಅವಳ ತುಟಿ ಅಲುಗುತ್ತಿತ್ತು. ಶಾಪ ಹಾಕುತ್ತಿದ್ದಾಳೆ, ಪರ್ವೇಜ ಅಂದುಕೊಂಡ. ಸತ್ತ ಮಗನ ಹೆಸರು ತೊಟ್ಟು ಕುಣಿಯುವವನನ್ನು ಯಾವ ತಾಯಿ ಹರಸುತ್ತಾಳೆ? ಆ ಚೀಲದಲ್ಲಿ ಇರುವುದು ಸಾವಿನ ದಾಖಲೆಯೇ. ಒಂದು ದಿನ ನೆಟ್ಟಗೆ ನಡೆದು ಬಂದು ಅದನ್ನು ರೆಫರಿಯ ಕೈಗಿಡುತ್ತಾಳೆ. ಅಲ್ಲಿಗೆ ಎಲ್ಲ ಮುಗಿಯಿತು.

"ಸರ, ಆ ಹೆಂಗಸು…" ಎಂದು ದಿಗಂಬರನಿಗೆ ಒಮ್ಮೆ ಹೇಳಿದ್ದ.

"ಆಕಿ ನಿನಗೇನೂ ಮಾಡೂದಿಲ್ಲ. ಡಬ್ಬಿ ಉಂಡೀಯಿಲ್ಲೋ?"

ಪ್ರತಿ ಪಂದ್ಯಕ್ಕೂ ದಿಗಂಬರ ಒಂದು ಡಬ್ಬಿ ತಂದುಕೊಡುತ್ತಿದ್ದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಯಾವಾಗಲೂ ಅದೇ. ಸರ್ ಹೆಂಡತಿ ಶ್ರೀರಂಜನಿಬಾಯಿ ಮಾಡಿದ್ದಿರಬೇಕು ಎಂದು ಪರ್ವೇಜ ತಿಂದು ಮುಗಿಸುತ್ತಿದ್ದ.

ಇವತ್ತು ಕೊನೆಯ ಪಂದ್ಯ. ಮುಂದಿನ ಸಾಲಿನ ಕುರ್ಚಿಯಲ್ಲಿ ದೊಡ್ಡ ಕ್ಲಬ್ಬಿನ ಮನುಷ್ಯ ಕೂತಿದ್ದ. "ಇದೊಂದ ಆಡಿಬಿಡು. ಕ್ಲಬ್ಬಿಗೆ ನಿನ್ನ ಖರೇ ಹೆಸರ್ಲೆ ಹೋಗ್ತಿ," ಎಂದು ದಿಗಂಬರ ಮಾತು ಕೊಟ್ಟಿದ್ದ. ಇನ್ನು ಒಂದೂವರೆ ತಾಸು ಕಳೆದರೆ ಪರ್ವೇಜ ಪರ್ವೇಜನಾಗುತ್ತಾನೆ. ಅಪ್ಪನ ಕತ್ತರಿಗೆ ಕೆಲಸವಿರುವುದಿಲ್ಲ.

ಆಟ ಮುಗಿಯಲು ಐದು ನಿಮಿಷ ಇತ್ತು, ಗೋಲು ಸಮಸಮ. ದಾಬೋಲಿಮ್‌ಗೆ ಇಳಿಯುವ ವಿಮಾನವೊಂದು ತಲೆಯ ಮೇಲೆಯೇ ಹಾದುಹೋಯಿತು. ಆ ಸದ್ದಿನಲ್ಲಿ ಪರ್ವೇಜ ಕತ್ತೆತ್ತದೆ ಚೆಂಡು ಕಳಿಸಿದ. ಅದು ಎಡಕ್ಕೆ ಓಡುತ್ತಿದ್ದವನ ಕಾಲಿಗೆ ಸಿಕ್ಕಿತು, ಅವನು ಬಲೆಯೊಳಗೆ ತಳ್ಳಿದ. ಸದ್ದು ಇಳಿದಾಗ ಇಡೀ ಮೈದಾನ ಧ್ವನಿವರ್ಧಕದ ಜೊತೆ ಕೂಗುತ್ತಿತ್ತು. ಮುಸ್ತಾಕ! ಮುಸ್ತಾಕ! ಕಂಬದ ಕೆಳಗಿನವಳು ಕಣ್ಣು ಮುಚ್ಚಿಕೊಂಡಿದ್ದಳು.

ಕೊನೆಯ ಸೀಟಿ ಬಿತ್ತು. ಕ್ಲಬ್ಬಿನವನು ಪರ್ವೇಜನನ್ನು ಮೇಜಿನ ಹತ್ತಿರ ಕರೆದು ಅರ್ಜಿ ಹರವಿ, ಪೆನ್ನು ತೆರೆದ.

"ನಾಂವ ಕಿತೆಂ?" ಎಂದು ಕೊಂಕಣಿಯಲ್ಲಿ ಹೆಸರು ಕೇಳಿದ.

ಎರಡು ವರ್ಷ ನುಂಗಿಕೊಂಡಿದ್ದ ಹೆಸರು ಪರ್ವೇಜನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಂಬದ ಕೆಳಗಿನವಳು ಸುಣ್ಣದ ಗೆರೆ ದಾಟಿದಳು. ಚೀಲದೊಳಗೆ ಕೈಹಾಕಿಕೊಂಡೇ ನೆಟ್ಟಗೆ ಬಂದಳು. ದಿಗಂಬರ ನೆಲ ನೋಡತೊಡಗಿದ.

"ಅಮ್ಮಾ, ತಪ್ಪಾತು," ಪರ್ವೇಜ ಕೈ ಮುಗಿದ. "ಆ ಹೆಸರ ಇವತ್ತಿಗೆ ಬಿಟ್ಟೆ. ಇನ್ನ ಮುಟ್ಟೂದಿಲ್ಲ."

ಹುಸೇನಬಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಚೀಲದಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಹುಟ್ಟಿದ ದಾಖಲೆ. ಹತ್ತನೆಯ ತರಗತಿಯ ಅಂಕಪಟ್ಟಿ. ಆಧಾರ್ ಕಾರ್ಡು. ಚೀಲ ಬರಿದಾಯಿತು. ಸಾವಿನ ದಾಖಲೆ ಅದರಲ್ಲಿ ಇರಲೇ ಇಲ್ಲ.

"ಮುಸ್ತಾಕ ಅಂತ ಬರಕೋರಿ ಸಾಹೇಬ್ರ. ಕಾಲೇಜಿನ ಚೀಟಿನೂ ಈ ಸರ್ ಕೈಯಾಗ ನಾನ ಕೊಟ್ಟಿದ್ದೆ."

ಆಮೇಲೆ ಅವಳು ಬಗ್ಗಿ, ಪರ್ವೇಜನ ಎಡಬೂಟಿನ ಕಪ್ಪು ದಾರ ಸಡಿಲಾಗಿದ್ದುದನ್ನು ಬಿಗಿಯಾಗಿ ಕಟ್ಟಿ, ದಿಗಂಬರನ ಕೈಯಲ್ಲಿದ್ದ ಖಾಲಿ ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ಅವನ ಕೈ ಹಿಡಿದಳು: "ರೊಟ್ಟಿ ಎಲ್ಲಾ ಉಂಡೀಯಲ್ಲ, ಚಲೋ ಆತು. ನಡಿ ಮುಸ್ತಾಕ, ಇನ್ನ ಮನಿಗೆ ಹೋಗೂಣು."