ಬೆಳಗಿನ ಹಸಿರು ಲೋಟ

ಎಂಟನೇ ತಿಂಗಳಲ್ಲಿ ಸೊಸೆಯ ಪ್ಲೇಟ್‌ಲೆಟ್ ತೊಂಬತ್ತು ಸಾವಿರಕ್ಕೆ ಇಳಿದಿತ್ತು. ಇನ್ನೂ ಇಳಿದರೆ ಹೆರಿಗೆಗೆ ದೂರದ ದೊಡ್ಡಾಸ್ಪತ್ರೆಗೇ ಹೋಗಬೇಕೆಂದು ಡಾಕ್ಟರಮ್ಮ ಎಚ್ಚರಿಸಿದ್ದರು.

"ಪಪ್ಪಾಯಿ ಎಲೆ ರಸ ಕುಡಿಸಿ, ಹೇಗೆ ಏರಲ್ಲ ನೋಡ್ತೀನಿ!" ಎಂದು ಮಾವ ಆಜ್ಞಾಪಿಸಿದರು. ಅತ್ತೆ ಪ್ರತಿ ಬೆಳಿಗ್ಗೆ ಒಂದು ಲೋಟ ಹಸಿರು ರಸವನ್ನು ಸೊಸೆಯ ಕೋಣೆಯಲ್ಲಿಟ್ಟು ಬರುತ್ತಿದ್ದರು.

"ಬಸುರಿಗೆ ಪಪ್ಪಾಯಿ ಆಗಲ್ಲ ಕಣ್ರೀ. ಚೆಲ್ಲೋಣ ಅಂದ್ರೆ ಮಾವ ಬಾಗಿಲಲ್ಲೇ ಕೂತಿರ್ತಾರೆ," ಎಂದು ಸೊಸೆ ಗಂಡನೆದುರು ಕಣ್ಣು ತುಂಬಿಕೊಂಡಳು. ಸಕ್ಕರೆ ಕಾಯಿಲೆಯಿದ್ದೂ ಯಾವ ಕಹಿಯನ್ನೂ ಬಾಯಿಗಿಡದ ಆತ, ಪ್ರೀತಿಗೆ ಮಣಿದು, ಮರುಪರೀಕ್ಷೆಯವರೆಗಿನ ಹದಿನೈದು ದಿನವೂ ಕಣ್ಣುಮುಚ್ಚಿ ಆ ಲೋಟವನ್ನು ಬರಿದು ಮಾಡಿದ.

ಮರುಪರೀಕ್ಷೆಯಲ್ಲಿ ಎಣಿಕೆ ಇಳಿದಿರಲಿಲ್ಲ. ಹೆರಿಗೆ ಇಲ್ಲಿಯೇ ಆಗಬಹುದೆಂದರು ಡಾಕ್ಟರಮ್ಮ. ಮಾವ ತಮ್ಮ ಔಷಧಿಯ ಮಹಿಮೆಯನ್ನು ಬೀದಿಗೆಲ್ಲ ಸಾರಲು ಹೊರಟರು. ಮಗ ಮೆಲ್ಲನೆ ಅಡುಗೆಮನೆಗೆ ಬಂದ.

"ಅಮ್ಮಾ, ಆ ರಸ ಅವಳು ಕುಡೀಲೇ ಇಲ್ಲ. ದಿನಾ ನಾನೇ ಕುಡಿದೆ."

ತಾಯಿ ಮಿಕ್ಸಿಯ ಜಾರು ತೊಳೆಯುತ್ತ ತಲೆಯೆತ್ತದೆ ನುಡಿದರು:

"ನೀನೇ ಕುಡೀತೀಯ ಅಂತ ಗೊತ್ತಿತ್ತು ಕಣೋ. ಬಸುರಿಗೆ ಯಾರಾದ್ರೂ ಪಪ್ಪಾಯಿ ಕೊಡ್ತಾರಾ? ಅದು ನಿನ್ನ ಶುಗರ್‌ಗೆ ಅಂತ ಅರೆದ ಹಾಗಲಕಾಯಿ."